ಅತ್ತೆಯ ಪತ್ತೇದಾರ ಹುಡುಕಿದ ಮಗು

ನಮ್ಮ ಸೋದರತ್ತೆಯನ್ನು ಪೊಲೀಸ್ ಕೆಲಸಕ್ಕೆ ಸೇರಿಸಿಕೊಂಡಿದ್ದರೆ ಪಿರಿಯಾಪಟ್ಟಣ ತಾಲೂಕಿನ ಕಳ್ಳರೆಲ್ಲ ಹೊಟ್ಟೆ ತುಂಬ ಉಂಡು ಎರಡು ಸುತ್ತು ದಪ್ಪವಾಗಿರುತ್ತಿದ್ದರು! ಇದು ಚಾಡಿಯಲ್ಲ. ಆಕೆಯ ಪತ್ತೇದಾರಿ ಕಾದಂಬರಿಯನ್ನು ಕೇಳಿದ ಯಾರಾದರೂ ಒಪ್ಪುವ ಮಾತು.

ಕೇಳಿದವರು ಎಂದೆ, ಓದಿದವರು ಎನ್ನಲಿಲ್ಲ. ಬೆಟ್ಟದಪುರದ ಹತ್ತಿರ ಅತ್ತೆಗೆ ಹೊಗೆಸೊಪ್ಪಿನ ಹೊಲವಿದೆ. ಗಿಡದಿಂದ ಮುರಿದ ಸೊಪ್ಪನ್ನು ಬಾಡುವ ಮೊದಲೇ ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಕೋಣೆಯಲ್ಲಿ ನೇತುಹಾಕಿ ಬೆಂಕಿಯ ಕಾವು ಕೊಟ್ಟು ಒಣಗಿಸಬೇಕು. ಕಟ್ಟಲು ಬಂದ ಹೆಂಗಸರಿಗೆ ಬೇಸರವಾಗದಿರಲೆಂದು ಅತ್ತೆ ಕುರ್ಚಿ ಹಾಕಿಕೊಂಡು, ತಾನು ಬರೆದದ್ದನ್ನು ದಿನಕ್ಕೊಂದು ಅಧ್ಯಾಯ ಓದುತ್ತಿದ್ದಳು. ಕಥೆ ಕಾಣೆಯಾದ ಮಗುವಿನದು. ಅಲ್ಲೇ ಇದ್ದದ್ದು ಫಜೀತಿ! ಕಟ್ಟುವವರಲ್ಲಿ ಸಾಕಮ್ಮನೂ ಇದ್ದಳು. ಅವಳ ಏಳು ವರ್ಷದ ಮಗ ಎಷ್ಟೋ ಕಾಲದ ಹಿಂದೆ ಸಂತೆಯಲ್ಲಿ ಕೈತಪ್ಪಿದವನು ಇವತ್ತಿಗೂ ಸಿಕ್ಕಿಲ್ಲ. ಊರಲ್ಲಿ ಯಾರೂ ಅವಳೆದುರು ಆ ಮಾತು ಎತ್ತುವುದಿಲ್ಲ.

"ಒಡವೆ ಕಳ್ಳತನದ ಕಥೆ ಬರೀಬಾರ್ದಾ ಅತ್ತೆ?" ಎಂದು ಗುಟ್ಟಾಗಿ ಕೇಳಿದೆ.

"ಒಡವೆ ಉಡ್ಕಾಕೆ ಪತ್ತೇದಾರ ಯಾಕ್ಲಾ? ಸೊಸೆ ಟ್ರಂಕು ತೆಗುದ್ರೆ ಸಿಕ್ತದೆ! ಸಾಕಮ್ಮನೇ ಇದ್ನ ಓದವ್ವ ಅಂದೋಳು. ನೀನ್ ಸುಮ್ಕಿರು."

ಅತ್ತೆಯ ಖಳನಾಯಕ ಭಯಂಕರ. ಗಿರಿಜಾ ಮೀಸೆ, ಕೈಯಲ್ಲಿ ಮಚ್ಚು, ನಂಬರಿಲ್ಲದ ಜೀಪು. ಮಗುವನ್ನು ಹೊತ್ತೊಯ್ದವನು ಮಾಡಿದ ಮೊದಲ ದುಷ್ಕೃತ್ಯ ಏನು ಗೊತ್ತೇ? ಬಿಸಿ ಮುದ್ದೆ ಕಟ್ಟಿ, ಬಸ್ಸಾರು ಬಿಟ್ಟು, ತುತ್ತು ಮಾಡಿ ಉಣ್ಣಿಸಿದ್ದು!

"ಅವನು ಕಳ್ಳ ಕಣತ್ತೆ!"

"ಕಳ್ಳ ಆದ್ರೆ? ಮಗ ಅಸ್ಕಂಡ್ ಮನಿಕ್ಕಬೇಕಾ?"

ಆಮೇಲೆ ಅವನು ಮಗುವನ್ನು ಬ್ಯಾರನ್ ಒಳಗೆ ಬಚ್ಚಿಟ್ಟ. ಹೆಂಗಸರ ಕೈ ನಿಂತಿತು. "ಬೆಂಕಿ ಆಕವ್ರಾ?" ಎಂದರು. "ಆಕವ್ರೆ" ಎಂದಳು ಅತ್ತೆ. ಮುಗಿಯಿತು! ಮಗುವನ್ನು ಈಚೆಗೆ ತೆಗೆಯುವ ತನಕ ಒಂದೆಲೆಯನ್ನೂ ಮುಟ್ಟುವುದಿಲ್ಲವೆಂದು ಸೆರಗು ಕೊಡವಿ ಎದ್ದೇಬಿಟ್ಟರು. ಇತ್ತ ನಿಜವಾದ ಸೊಪ್ಪು ಬಾಡುತ್ತಿದೆ! ಅತ್ತೆ ಕೂತಲ್ಲೇ ಕಥೆಯ ಬೆಂಕಿ ಆರಿಸಿ, ಮಗುವಿಗೆ ಮಜ್ಜಿಗೆ ಕುಡಿಸಿ, ಖಳನಾಯಕನಿಂದ ತಪ್ಪಾಯ್ತು ಎನ್ನಿಸಿದ ಮೇಲೆಯೇ ಕೆಲಸ ಮುಂದುವರಿದದ್ದು.

ಪತ್ತೇದಾರನೋ, ಮಹಾನುಭಾವ! ದಿನಕ್ಕೊಂದು ಊರು. ಹುಣಸೂರಿನ ಬಸ್ ಸ್ಟ್ಯಾಂಡು, ಕೆ.ಆರ್. ನಗರದ ರೈಲ್ವೆ ಸ್ಟೇಷನ್ನು, ಎಚ್.ಡಿ. ಕೋಟೆಯ ಕಾಡಂಚು. ಸಾಕಮ್ಮ ತಲೆಯೆತ್ತದೆ ಸೊಪ್ಪು ಕಟ್ಟುತ್ತಲೇ, "ಕಟ್ಟೆಮಳಲವಾಡಿ ಕಡೆ ನೋಡುದ್ನಾ?" ಎನ್ನುವಳು. ಮಾರನೇ ದಿನ ಪತ್ತೇದಾರ ಅಲ್ಲಿ ಹಾಜರು! ಹೀಗೆ ಸುತ್ತಿದರೆ ಕಥೆ ಕೆಡುತ್ತದೆಂದು ನಾನು ತಕರಾರು ತೆಗೆದೆ.

"ಉಡ್ಕೋನು ಎಲ್ಲಾ ಕಡೇನೂ ಉಡ್ಕಬೇಕು ಕಣ್ಲಾ," ಎಂದಳು ಅತ್ತೆ. ಸಾಕಮ್ಮನ ಎದುರೇ ಹೀಗೆ ಹೇಳುವಷ್ಟು ಧೈರ್ಯ ನಮ್ಮ ವಂಶದಲ್ಲಿ ಇನ್ಯಾರಿಗೂ ಇಲ್ಲ.

ಕಡೇ ಸೊಪ್ಪು ಕಟ್ಟುವ ದಿನ ಮಗು ಸಿಕ್ಕಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಅತ್ತೆ ಎಲ್ಲರಿಗೂ ಪಾಯಸ ಕೊಟ್ಟಳು. ಸಾಕಮ್ಮ ಮಾತ್ರ ಲೋಟ ಹಿಡಿದು ಹಾಗೇ ಕೂತಿದ್ದಳು.

"ಸಿಕ್ಕುದ್ದು ಒಳ್ಳೇದಾಯ್ತು ಬುಡವ್ವ," ಎಂದಳು. "ಆದ್ರೆ ನಾಳಿಂದ ಯಾರೂ ಉಡ್ಕಾಕಿಲ್ವಲ್ಲ."

ಅತ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಕುರ್ಚಿ ಬಿಟ್ಟು ಸಾಕಮ್ಮನ ಪಕ್ಕ ನೆಲದ ಮೇಲೆ ಕೂತು ಪೆನ್ನು ತೆಗೆದಳು.

"ಉಡ್ಕಾಕಿಲ್ಲ ಅಂದೋರ್ಯಾರು? ಪತ್ತೇದಾರ್ನಿಗೆ ಇನ್ನೊಬ್ಬ ಉಡ್ಗನ್ನ ಉಡ್ಕೋ ಕೆಲ್ಸ ಅದೆ. ನಿನ್ ಮಗ ಅವತ್ತು ಯಾವ ಬಣ್ಣದ ಅಂಗಿ ಆಕಿದ್ದ? ಯೋಳು, ಬರ್ಕತೀನಿ."

ಸಾಕಮ್ಮ ಸೊಪ್ಪಿನ ಅಂಟು ಹಿಡಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ನೀಲಿ ಅಂಗಿ ಕಣವ್ವ. ಮ್ಯಾಲಿನ ಗುಂಡಿ ಕಿತ್ತೋಗಿತ್ತು. ಸಂತೆಯಿಂದ ಬಂದ್ಮೇಲೆ ಆಕ್ಕೊಡಾನ ಅಂತಿದ್ದೆ."