ಹೆಂಡತಿ ಪಕ್ಕದ ಜಾಗ

ಮೋಟಾರಿನಲ್ಲಿ ಜಾಗ ಅದಲುಬದಲು ಮಾಡಿಕೊಳ್ಳುವುದೇನು ಮಹಾ ವಿದ್ಯೆ? ಮುಖದಲ್ಲೊಂದು ನಗೆ, ಮಾತಿನ ಕೊನೆಗೊಂದು ‘ರೀ’ ಇದ್ದರೆ ಯಾರಾದರೂ ಎದ್ದು ಜಾಗ ಕೊಡುತ್ತಾರೆಂದು ನಾನು ದೃಢವಾಗಿ ನಂಬಿದ್ದೆ. ಆಗ ನನಗೆ ಹೊಸದಾಗಿ ಮದುವೆಯಾಗಿತ್ತು. ನಂಬಿಕೆಗಳಿಗೇನು ಬರ!

ರಬಕವಿಯ ನಮ್ಮ ಮನೆಯಲ್ಲಿ ಮಗ್ಗಗಳ ಸದ್ದು ನಿಂತರೆ ಅತ್ತಿಗೆಯರ ಸದ್ದು ಶುರು. ನಾನೂ ನನ್ನ ಹೆಂಡತಿ ಕಾಶವ್ವನೂ ಕುಳಿತು ನಾಲ್ಕು ಮಾತು ಆಡಿದ್ದೇ ಇಲ್ಲ. ಅದಕ್ಕೇ ಅವಳನ್ನು ಬೀಳಗಿಯ ತವರಿಗೆ ಬಿಟ್ಟುಬರುವ ಕೆಲಸಕ್ಕೆ ಎಲ್ಲರಿಗಿಂತ ಮೊದಲು ನಾನೇ ಎದ್ದು ನಿಂತೆ. ದಾರಿಯುದ್ದಕ್ಕೂ ಮಾತೇ ಮಾತು!

ಮುಧೋಳದಲ್ಲಿ ಮೋಟಾರು ಬದಲಿಸಿದೆವು. ನೂಕಾಟದಲ್ಲಿ ಅವಳು ಮುಂದೆ ಒಬ್ಬ ಅಜ್ಜಿಯ ಪಕ್ಕ ಕುಳಿತಳು. ನಾನು ಹಿಂದೆ, ಗಾಲಿಯ ನೆತ್ತಿಯ ಮೇಲೆ. ಎದ್ದು ಮುಂದೆ ಹೋದೆ.

“ಅಜ್ಜೀ, ಹಿಂದ ಕಿಡಕಿ ಬಾಜೂ ಜಾಗಾ ಐತ್ರಿ. ಗಾಳಿ ಛಲೋ ಬರತೈತಿ.”

“ನಮ್ಮೂರಾಗೂ ಬರತೈತಿ ತಗೋ.”

ನಗೆ, ‘ರೀ’ ಎರಡೂ ಸೋತವು. ಆದರೆ ನನ್ನ ಬಳಿ ಬೇರೆಯವರ ದನಿಗಳ ದಾಸ್ತಾನೇ ಇತ್ತು. ಹಿಂದಕ್ಕೆ ಸರಿದು, ಮುಖಕ್ಕೆ ಟವೆಲ್ ಮುಚ್ಚಿ, ಕೆಳಗೆ ನಿಂತು ಕೂಗುತ್ತಿದ್ದ ಕಂಡಕ್ಟರನ ಗೊಗ್ಗರು ದನಿ ತೆಗೆದೆ: “ಏಳ್ರೀ ಏಳ್ರೀ, ಮುಂದಿನವ್ರು ಹಿಂದ ಹೋಗ್ರಿ!”

ಇಡೀ ಮೋಟಾರೇ ಎದ್ದಿತು. ಹಿಂದಿನವರು ಮುಂದೆ, ಮುಂದಿನವರು ಹಿಂದೆ, ಕೋಳಿಬುಟ್ಟಿಯೊಂದು ಯಾರದೋ ತಲೆಯ ಮೇಲೆ. ಅಜ್ಜಿಯೊಬ್ಬಳು ಮಾತ್ರ ಅಲುಗಲಿಲ್ಲ!

“ಯಾರ್ಲೇ ನನ್ನ ದನೀ ತಗದಾಂವ?” ಬಾಗಿಲಲ್ಲಿ ನಿಜವಾದ ಕಂಡಕ್ಟರ್.

ಅಜ್ಜಿ ಬೆರಳು ತೋರಿಸಿದಳು. “ಇಂವನ ನೋಡ್ರಿ. ಆಗಿಂದ ಈ ಹುಡುಗಿ ಬಾಜೂ ಕುಂಡ್ರಾಕ ಹವಣಸಾಕತ್ತಾನ.”

“ಆಕಿ ನನ್ನ ಹೇಂತಿರೀ!”

“ಖರೇನಬೇ?” ಎಂದು ಅಜ್ಜಿ ಕೇಳಿದರೆ ಕಾಶವ್ವ ಸೆರಗೆಳೆದುಕೊಂಡು ನೆಲ ನೋಡಿದಳು. ಹೊಸ ಸೊಸೆಗೆ ಅದೇ ಮರ್ಯಾದೆ. ನನ್ನ ಮರ್ಯಾದೆ ಹರಾಜಿಗೆ ನಿಂತಿತ್ತು. ಕಂಡಕ್ಟರ್ ನನ್ನ ಕಾಲರಿಗೆ ಕೈ ಹಾಕಿದ. “ಇಳೀಲೇ ಕೆಳಗ!”

“ತಡೀರಿ. ಗಂಡ ಖರೇ ಇದ್ರ ಈಕಿ ಒಡಪು ಹಾಕಿ ಹೆಸರು ಹೇಳ್ಲಿ,” ಎಂದು ಅಜ್ಜಿ ತೀರ್ಪು ಕೊಟ್ಟಳು.

ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ; ಪ್ರಾಸದ ಒಡಪಿನಲ್ಲಿ ಸುತ್ತಿಯೇ ಹೇಳಬೇಕು. ಮೋಟಾರೆಲ್ಲ ಕಿವಿಯಾಯಿತು. ಸೆರಗಿನೊಳಗಿಂದ ಸಣ್ಣ ದನಿ ಬಂತು:

“ಮೋಟಾರ ತುಂಬಾ ಧೂಳ, ಇನ್ನಾ ದಾಟಿಲ್ಲ ಮುಧೋಳ,
ಈರಪ್ಪನವರು ಹಚ್ಯಾರ ನೋಡ್ರಿ ಜಾಗಾದ ಗೋಳ!”

ನಗೆಗೆ ಮೋಟಾರಿನ ತಗಡು ನಡುಗಿತು. ಕಂಡಕ್ಟರ್ ಕಾಲರ್ ಬಿಟ್ಟ. ನಾನು ಗೆದ್ದೆ! ಎದೆಯುಬ್ಬಿಸಿ ಹೇಳಿದೆ: “ಈಗರ ಏಳ್ರಿ ಅಜ್ಜಿ.”

“ಇಂಥಾ ಶಾಣ್ಯಾ ಹುಡುಗೀನ ಬಿಟ್ಟು ನಾ ಯಾಕ ಏಳ್ಲಿ? ಇನ್ನೊಂದು ಹಾಕಬೇ ತಂಗಿ!”

ಹಿಂದಿರುಗಿ ನೋಡಿದರೆ ನನ್ನ ಜಾಗದಲ್ಲಿ ಕೋಳಿಬುಟ್ಟಿ ರಾಜಗಾಂಭೀರ್ಯದಿಂದ ಕುಳಿತಿತ್ತು. ಎಲ್ಲರನ್ನೂ ಎಬ್ಬಿಸಿದವನು ನಾನೇ ತಾನೆ! ಬೀಳಗಿಯವರೆಗೆ ಸಲಾಕೆ ಹಿಡಿದು ಜೋತಾಡಿದೆ. ಮುಂದೆ ಒಡಪಿನ ಮೇಲೆ ಒಡಪು. ಹೆಂಡತಿ ದಾರಿಯುದ್ದಕ್ಕೂ ನನ್ನ ಹೆಸರನ್ನೇ ಹೇಳಿದಳು.

ನನ್ನೊಡನೆ ಮಾತ್ರ ಒಂದು ಮಾತೂ ಆಡಲಿಲ್ಲ!