ಚುಕ್ಕಿಗಳು ಮುದ್ದೆಯಾಗುವ ಹೊತ್ತು

ಎಲ್ಲಕ್ಕೂ ಕಾರಣ ಒಂದು ಗಂಟು. ನಂಜನಗೂಡಿನ ಸೋಪಿನಪುಡಿ ಕಾರ್ಖಾನೆಯೊಂದರ ಡ್ರಮ್ಮಿನಲ್ಲಿ ಪುಡಿ ಗಂಟುಕಟ್ಟಿತು. ಅದನ್ನು ತಪ್ಪಿಸಲು ಇಂಜಿನಿಯರ್ ಕೃಷ್ಣಕುಮಾರ್ ಬಂದ. ಯಾವ ಕಣ ಯಾವುದಕ್ಕೆ ಎಷ್ಟೊತ್ತಿಗೆ ಅಂಟುತ್ತದೆಂದು ಅವನ ಕಂಪ್ಯೂಟರ್ ಮೊದಲೇ ಲೆಕ್ಕ ಹೇಳುತ್ತಿತ್ತು. ಒಂದು ದಿನವೂ ತಪ್ಪಿದ್ದಿಲ್ಲ.

ಇವತ್ತು ಮ್ಯಾನೇಜರು ಗುತ್ತಿಗೆ ಕೆಲಸಗಾರರ ಕೊರಳ ಕಾರ್ಡುಗಳ ಓಡಾಟವನ್ನೂ ಅದಕ್ಕೆ ತುಂಬಿಸಿದರು. ಪರದೆಯ ಮೇಲೆ ಇಪ್ಪತ್ತನಾಲ್ಕು ಚುಕ್ಕಿ ಇರುವೆಗಳಂತೆ ಹರಿದಾಡಿ, ಮಧ್ಯಾಹ್ನ ಒಂದೂ ಹತ್ತಕ್ಕೆ ನಲ್ಲಿಯ ಬಳಿ ಒಂದೇ ಮುದ್ದೆಯಾಗುತ್ತವೆಂದು ಲೆಕ್ಕ ತೋರಿಸಿತು.

ಮ್ಯಾನೇಜರು ಆ ಇಪ್ಪತ್ತನಾಲ್ವರಲ್ಲೊಬ್ಬನಾದ ಮೇಸ್ತ್ರಿ ಶಿವಮೂರ್ತಿಯನ್ನು ಕರೆದು ಪರದೆ ತೋರಿಸಿದರು. "ಇವತ್ತು ಗುಂಪು, ನಾಳೆ ಸಂಘ. ಕೂಡದ ಹಾಗೆ ನೋಡ್ಕೊ. ಸಂಜೆ ನಿನ್ನ ಖಾಯಂ ಆರ್ಡರಿಗೆ ಸೈನ್ ಹಾಕ್ತೀನಿ."

ಶಿವಮೂರ್ತಿಗೆ ನಗು ಬಂತು. ಇವರು ಕೂಡುವುದೆ? ಒಂಬತ್ತು ವರ್ಷದಿಂದ ಕಂಡಿದ್ದಾನೆ. ತನ್ನ ಕವಲಂದೆ ಕೇರಿಯವರು ಬೇವಿನಡಿ ಬುತ್ತಿ ಬಿಚ್ಚಿದರೆ, ನರಸೀಪುರದ ಬೆಟ್ಟಸ್ವಾಮಿ ಕಡೆಯವರು ಶೆಡ್ಡಿನ ನೆರಳಿಗೆ. ಕೇರಿಯವರು ಮುಟ್ಟಿದ ನಲ್ಲಿಯೆಂದು ಮನೆಯಿಂದಲೇ ನೀರು ಹೊತ್ತು ತರುವ ಜನ. ಕೆಮ್ಮುವುದು ಮಾತ್ರ ಒಂದೇ ಡ್ರಮ್ಮಿನ ಪುಡಿಯನ್ನು. ಆದರೂ ಆ ಲೆಕ್ಕ ತಪ್ಪಿದ್ದಿಲ್ಲವಲ್ಲ.

ಊಟದ ಬೆಲ್ಲಾದೊಡನೆ ಶೆಡ್ಡಿಗೆ ಓಡಿದ. "ಬೆಟ್ಟಸ್ವಾಮಣ್ಣ, ಇವತ್ತು ಬೇವಿನ ಮರದೋರ್ ಜೊತೆ ಸೇರ್ಬ್ಯಾಡಿ."

"ನಾವ್ ಯಾವತ್ತ್ ಸೇರಿದ್ದೊ ಕಣಪ್ಪ? ಯಾರೇಳುದ್ರು?"

"ಮ್ಯಾನೇಜರ್ ಸಾಯೇಬ್ರು."

ಬೇವಿನಡಿಯೂ ಅದನ್ನೇ ಹೇಳಿದ. ಕೇರಿಯ ಮಾದಮ್ಮ ಎತ್ತಿದ ತುತ್ತನ್ನು ಇಳಿಸಿದಳು. "ನಾವು ಸೇರುದ್ರೆ ಅವ್ರಿಗ್ಯಾಕ್ಲಾ ಬಾದೆ? ಸೇರುದ್ರೆ ಏನೋ ಸಿಕ್ಕಂಗದೆ."

ಶೆಡ್ಡಿನವರನ್ನೇ ಕೇಳಿಬಿಡೋಣವೆಂದು ಅವಳೂ ಎದ್ದಳು, ಆ ಕಡೆಯಿಂದ ಬೆಟ್ಟಸ್ವಾಮಿಯೂ ಎದ್ದ; ಅವರ ಹಿಂದೆಯೇ ಉಳಿದವರು. ನಡುವೆ ನಲ್ಲಿಯ ಮುಂದೆ ಶಿವಮೂರ್ತಿ ಕುರಿ ತರುಬುವವನಂತೆ ಕೈ ಚಾಚಿ ನಿಂತ. ತಡೆದಷ್ಟೂ ಅವನ ಸುತ್ತಲೇ ಕವಿದರು. ಗಡಿಯಾರ ನೋಡಿದ. ಒಂದೂ ಹತ್ತು.

"ಎಲ್ರುನ್ನೂ ಖಾಯಂ ಮಾಡಿ ಅಂತ ಕೇಳಾಣ ನಡೀರಿ," ಎಂದಳು ಮಾದಮ್ಮ. ಬೆಟ್ಟಸ್ವಾಮಿ ಅವಳ ಹಿಂದೆ ನಡೆದ.

ಶಿವಮೂರ್ತಿ ಅವರಿಗಿಂತ ಮೊದಲು ಕ್ಯಾಬಿನ್ನಿಗೆ ಓಡಿದ. ಮ್ಯಾನೇಜರು ಫೋನಿನಿಂದ ತಲೆಯೆತ್ತಲಿಲ್ಲ. ಕೃಷ್ಣಕುಮಾರ್ ನಾಳೆಯ ಲೆಕ್ಕ ತೆಗೆದು ಕೂತಿದ್ದ. ಪರದೆಯಲ್ಲಿ ಇಪ್ಪತ್ತಮೂರೇ ಚುಕ್ಕಿ. ಶಿವಮೂರ್ತಿ ಎರಡು ಸಲ ಎಣಿಸಿದ.

"ನಾನೆಲ್ಲಿ ಸಾ?"

"ಗುಂಪು ಕೂಡ್ತಲ್ಲ, ನಿಮ್ಮ ಕಾರ್ಡು ಈಗ ತಾನೇ ರದ್ದು ಮಾಡಿಸಿದ್ರು ಕಣ್ರೀ. ಕೆಲಸದಿಂದ ತೆಗೆದವರು ಇದ್ರಲ್ಲಿ ಕಾಣಲ್ಲ."

ಆ ಇಪ್ಪತ್ತಮೂರು ಚುಕ್ಕಿ ಗೇಟು ದಾಟಿ, ಬೀದಿಯಲ್ಲಿ ಒಬ್ಬ ಆಳು ನಿಲ್ಲುವಷ್ಟು ಖಾಲಿ ಜಾಗದ ಸುತ್ತ ಒತ್ತಿಕೊಂಡು ನಿಂತಿದ್ದವು.