ಎಳ್ಳಮಾವಾಸ್ಯೆಯ ದಿನ ಸಾರಿಕಾಳನ್ನು ಏನೂ ಕೇಳದಿರುವ ಬಗ್ಗೆ

ಸಂಖ್ಯೆ: ಹೊಲ/ಕೊಂಪೆ/ಬಾಯಿಬಂದ್/ಬಿ.ಎಸ್ಸಿ.-ದ್ವಿತೀಯ
ಠಿಕಾಣಿ: ಗುಂಜೋಟಿ ಶಿವಾರ (ಊರ ಹೊಲಸೀಮೆ), ತಾಲೂಕು ಉಮರ್ಗಾ, ಮಹಾರಾಷ್ಟ್ರ
ದಿನಾಂಕ: ಮಾರ್ಗಶಿರ ಬಹುಳ ಏಕಾದಶಿ

ಉಲ್ಲೇಖ:
(೧) ಸಾರಿಕಾ ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಎಳ್ಳಮಾವಾಸ್ಯೆಯ ದಿನ ಆಕೆಯ ತಂದೆ ರೇವಣಪ್ಪನವರು ಕೊಟ್ಟ ಮಾತು (ಮೌಖಿಕ, ಐವರು ಪಾಂಡವರ ಸಮಕ್ಷಮ).
(೨) ಸದರಿ ಸಾರಿಕಾ ಉದಗೀರದ ಹಾಸ್ಟೆಲಿನಿಂದ ಮಾಡಿದ ಫೋನು.
(೩) ಕಳೆದ ವರ್ಷದ ಅವಾಂತರ.

ವಿಷಯ: ಕಾಲೇಜು ವಿದ್ಯಾರ್ಥಿನಿಗೆ ಒಂದು ದಿನದ ವಿರಾಮ ಒದಗಿಸುವುದು ಹಾಗೂ ಟೆನ್ಷನ್ ನಿವಾರಣೆಯಿಂದ ಉಂಟಾಗುವ ಟೆನ್ಷನ್ ತಡೆಗಟ್ಟುವುದು.

ಪ್ರಸ್ತಾವನೆ:

ಉಲ್ಲೇಖ (೧)ರ ದಿನ, ಜೋಳದ ಕಣಿಕೆಯಿಂದ ಕಟ್ಟಿದ ಕೊಂಪೆಯೊಳಗೆ ಸುಣ್ಣ ಹಚ್ಚಿದ ಐದು ಕಲ್ಲುಗಳನ್ನು ಪಾಂಡವರೆಂದು ಕೂರಿಸಿ, ಪೂಜೆ ಮುಗಿಸಿ, ಎಲ್ಲರೂ ಸೊಪ್ಪು-ಕಾಳು ಬೇಯಿಸಿದ ಭಜ್ಜಿಗೆ, ರೊಟ್ಟಿಗೆ ಕುಳಿತಿದ್ದಾಗ, ರೇವಣಪ್ಪನವರ ತಮ್ಮ ಧೂಳಪ್ಪನವರು ಹುಡುಗಿಗೆ ಹದಿಮೂರರ ಮಗ್ಗಿ ಕೇಳಿದರು. ಹುಡುಗಿಯ ಬಾಯಲ್ಲಿ ಸಜ್ಜೆಯ ಕಡುಬು ಇತ್ತು. ಕಡುಬು ಒಳಗೆ ಹೋಗಲಿಲ್ಲ, ಮಗ್ಗಿ ಹೊರಗೆ ಬರಲಿಲ್ಲ, ಅಳು ಮಾತ್ರ ಬಂತು. ಆಗ ರೇವಣಪ್ಪನವರು, “ಅಳಬ್ಯಾಡ ನನ್ನವ್ವಾ. ನೀ ಕಾಲೇಜಿಗಿ ಹೋಗು. ಆಮ್ಯಾಲ ಎಳ್ಳಮಾಸಿ ದಿನ ನಿನಗ ಯಾರಿಗೂ ಒಂದ್ ಮಾತು ಕೇಳ್ಲಾಕ ಬಿಡಲ್ಲ. ಈ ಐದೂ ಮಂದಿ ಪಾಂಡವರ ಆಣಿ” ಎಂದು ಘೋಷಿಸಿದರು. ಹುಡುಗಿ ಕಾಲೇಜಿಗೆ ಹೋಗುವಳೆಂದು ಆಗ ಯಾರೂ ಅಂದಾಜು ಮಾಡಿರಲಿಲ್ಲವಾದ್ದರಿಂದ ಯಾರೂ ಆಕ್ಷೇಪಣೆ ಸಲ್ಲಿಸಲಿಲ್ಲ.

ಹುಡುಗಿ ಕಾಲೇಜಿಗೆ ಹೋದಳು. ಕಳೆದ ವರ್ಷ ಮಾತು ಉಳಿಸಿಕೊಳ್ಳುವ ಸದುದ್ದೇಶದಿಂದ ರೇವಣಪ್ಪನವರು ಹಬ್ಬದ ಹಿಂದಿನ ದಿನ ಮನೆಮನೆಗೆ ಹೋಗಿ, “ನಮ್ಮ ಸಾರಿಕಾಗ ಏನೂ ಕೇಳಬ್ಯಾಡ್ರಿ” ಎಂದು ಕೈಮುಗಿದು ಬಂದರು. ಪರಿಣಾಮವಾಗಿ, ಅಲ್ಲಿಯವರೆಗೆ ಕೇಳುವ ವಿಚಾರವೇ ಇಲ್ಲದವರು ಕೂಡ ವಿಚಾರಕ್ಕೆ ಬಿದ್ದರು. “ಪಾಪ, ಪೋರಿಗಿ ಏನಾಗ್ಯಾದೋ ಏನೋ” ಎಂಬ ಮಾತು ಸಂಜೆಯೊಳಗೆ ಉಮರ್ಗಾ ಮುಟ್ಟಿತು. ಏನನ್ನು ಕೇಳಬಾರದು ಎಂದು ಕೇಳಿಕೊಂಡು ಹೋಗಲು ಲೋಹಾರಾದಿಂದ ಮೋಟಾರ್ ಸೈಕಲ್ಲಿನ ಮೇಲೆ ಮಂದಿ ಬಂದರು. ಒಬ್ಬ ಹಿರಿಯರು, “ಹೀಂಗಾದ್ ಮ್ಯಾಲ ಭಾಳ ನೋಡಬಾರ್ದು” ಎಂದು ಹೇಳಿ ಎರಡನೆಯ ಸಂಬಂಧದ ವರನೊಬ್ಬನ ಫೋಟೊ ಬಿಟ್ಟು ಹೋದರು. ಸದರಿ ಫೋಟೊ ಈಗ ಹಿಟ್ಟಿನ ಡಬ್ಬಿಯ ಮೇಲೆ ಮುಚ್ಚಳವಾಗಿ ಬಳಕೆಯಲ್ಲಿದೆ.

ಈ ವರ್ಷ ವಿದ್ಯಾರ್ಥಿನಿಯು ಉಲ್ಲೇಖ (೨)ರಲ್ಲಿ, “ಅವ್ವಾ, ನಾ ಅಮಾಸಿಗಿ ಬರಲ್ಲ. ಬಂದ್ರ ಎಲ್ಲರೂ ಕೇಳ್ತಾರ. ಇಲ್ಲೇ ಮಕ್ಕೊಂಡಿರ್ತೀನಿ” ಎಂದು ತಿಳಿಸಿರುತ್ತಾಳೆ. ಮಲಗಿರುವುದಾಗಿ ಹೇಳಿದ್ದು ಸುಳ್ಳೆಂದು ಅದೇ ಫೋನಿನಲ್ಲಿ ಆಕೆಯ ಕೋಣೆಯ ಗೆಳತಿ ಮೀನಲ, “ಕಾಕೂ, ತೀ ಝೋಪತ್‌ಚ ನಾಹೀ” ಎಂದು, ಅಂದರೆ ನಿದ್ದೆಯನ್ನೇ ಮಾಡುವುದಿಲ್ಲವೆಂದು, ಹಿಂದಿನಿಂದ ಕೂಗಿ ದೃಢಪಡಿಸಿರುತ್ತಾಳೆ. ಯಾರೂ ಏನೂ ಕೇಳುವುದಿಲ್ಲವೆಂಬ ಖಾತ್ರಿಯ ಮೇಲೆ ವಿದ್ಯಾರ್ಥಿನಿ ಬರಲು ಒಪ್ಪಿದ್ದಾಳೆ. ಆದ್ದರಿಂದ ಕೆಳಕಂಡ ನಿಯಮಗಳನ್ನು ಎಲ್ಲ ಸಂಬಂಧಿಕರಿಗೂ, ಸಂಬಂಧವಿಲ್ಲದವರಿಗೂ ಈ ಮೂಲಕ ಸೂಚಿಸಲಾಗಿದೆ.

ಕಲಂ ೧. ‘ಪ್ರಶ್ನೆ’ ಎಂದರೆ:
(ಅ) ಉತ್ತರ ಬೇಡುವ ಯಾವುದೇ ಮಾತು.
(ಆ) ಹುಬ್ಬು ಮೇಲಕ್ಕೆ ಎತ್ತುವುದು. ಒಂದೇ ಹುಬ್ಬು ಎತ್ತಿದಲ್ಲಿ ಅರ್ಧ ಪ್ರಶ್ನೆ ಎಂದು ಪರಿಗಣಿಸಲಾಗುವುದು.
(ಇ) “ಮತ್ತ...?” ಎಂದು ಎಳೆದು ಬಿಡುವುದು.
(ಈ) ವಿದ್ಯಾರ್ಥಿನಿಗೆ ಕೇಳಿಸುವಂತೆ ಎತ್ತಿಗೆ ಕೇಳುವುದು. ಉದಾ: “ಏನ್ ಬಸವಣ್ಣಾ, ಕಲ್ತ ಮಂದಿ ಹೊಲಕ್ಕ ಬಂದು ಮೊಬೈಲ್ ನೋಡ್ತಾರಂತಲ್ಲೋ?” ಎತ್ತು ಉತ್ತರ ಕೊಡಲಿಲ್ಲವೆಂಬ ಕಾರಣಕ್ಕೆ ಅಪರಾಧ ಮನ್ನಾ ಆಗುವುದಿಲ್ಲ.

ಕಲಂ ೨. ವಾಕ್ಯವನ್ನು ಕನ್ನಡದಲ್ಲಿ ಆರಂಭಿಸಿ ನಡುವೆ ಮರಾಠಿಗೆ ಹೊರಳಿ, ಆ ಗದ್ದಲದಲ್ಲಿ “ಕಿತಿ ಟಕ್ಕೆ ಪಡಲೆ?” ಎಂದು ಶೇಕಡಾವಾರು ಕೇಳಿಬಿಡುವ ಪದ್ಧತಿ ನಮ್ಮ ಭಾಗದಲ್ಲಿ ರೂಢಿಯಲ್ಲಿದೆ. ಇದನ್ನು ಎರಡೂ ಭಾಷೆಗಳಲ್ಲಿ ಕೇಳಿದಂತೆ ಭಾವಿಸಿ ದಂಡ ದುಪ್ಪಟ್ಟು ವಿಧಿಸಲಾಗುವುದು. ಹಿಂದಿಯಲ್ಲಿ ಕೇಳುವವರು ಹೇಗೂ ಟಿ.ವಿ. ನೋಡಿ ಕೆಟ್ಟವರಾದ್ದರಿಂದ ಅವರ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

ಕಲಂ ೩. ಎಳ್ಳಮಾವಾಸ್ಯೆಯ ದಿನ ಹೊಲದ ಹಾದಿಯಲ್ಲಿ ಹೋಗುವವರನ್ನು ಕರೆದು ಉಣ್ಣಿಸುವುದು ನಮ್ಮ ಪದ್ಧತಿ. ಗುರುತಿನವರು, ಗುರುತಿಲ್ಲದವರು, ಮಾತು ಬಿಟ್ಟವರು, ಎಲ್ಲರೂ ಇದರಲ್ಲಿ ಬರುತ್ತಾರೆ. ಉಣ್ಣಲು ಕರೆದು ಬಾಯಿ ಮುಚ್ಚಿಕೊಂಡಿರಿ ಎನ್ನುವುದು ಶೋಭಿಸುವುದಿಲ್ಲ. ಆದ ಕಾರಣ ಅತಿಥಿಯ ಬಾಯಿ ಪ್ರಶ್ನೆಗಾಗಿ ತೆರೆದ ತಕ್ಷಣ ಅದರೊಳಗೆ ಎಳ್ಳು ಹಚ್ಚಿದ ರೊಟ್ಟಿಯ ತುಂಡನ್ನು, ಭಜ್ಜಿಯಲ್ಲಿ ಅದ್ದಿ, ಪ್ರೀತಿಪೂರ್ವಕ ಇಡತಕ್ಕದ್ದು. ಬಾಯಿ ಖಾಲಿಯಾಗುವ ಮುನ್ನ ಅಂಬಲಿ. ಅಂಬಲಿ ಮುಗಿಯುವ ಮುನ್ನ ಮತ್ತೆ ಭಜ್ಜಿ. ಹೊಟ್ಟೆ ತುಂಬಿತೆಂದು ಅತಿಥಿ ಕೈ ಅಡ್ಡ ಹಿಡಿದಲ್ಲಿ ಆತನನ್ನು ಮಲಗಿಸತಕ್ಕದ್ದು.

ಕಲಂ ೪. ಪ್ರಶ್ನೆಗಳ ಬದಲು ಬಳಸಬಹುದಾದ ಮಂಜೂರಾದ ಹೇಳಿಕೆಗಳು: “ಬಾ.” “ಕೂಡು.” “ಉಣ್ಣು.” “ಬಿಸಲ ಅದ.” ಇವನ್ನು ದನಿ ಇಳಿಸಿ ಮುಗಿಸತಕ್ಕದ್ದು. “ಉಣ್ಣು” ಎಂಬುದನ್ನು ಕೊನೆಯಲ್ಲಿ ಎತ್ತಿ “ಉಣ್ಣೂ...?” ಎಂದಲ್ಲಿ ಅದು ಕಲಂ ೧ಕ್ಕೆ ಒಳಪಡುತ್ತದೆ.

ಕಲಂ ೫. ಶ್ರೀ ಧೂಳಪ್ಪನವರ ಕುರಿತು ವಿಶೇಷ ವ್ಯವಸ್ಥೆ. ಸದರಿಯವರು ಜೀವಮಾನವಿಡೀ ಬಸ್ ಕಂಡಕ್ಟರರಾಗಿದ್ದು, ಮುಂದೆ ಬಂದವರನ್ನೆಲ್ಲ ಎಲ್ಲಿಗೆ, ಎಷ್ಟು ಮಂದಿ, ಚಿಲ್ಲರೆ ಉಂಟೇ ಎಂದು ಕೇಳುವುದು ಅವರಿಗೆ ಉಸಿರಿನಷ್ಟೇ ಸಹಜವಾಗಿದೆ. ಅವರನ್ನು ಕೊಂಪೆಯ ಹಿಂಬದಿಗೆ, ಗಾಳಿಗೆ ಎದುರಾಗಿ, ತೊಗರಿಕಾಯಿ ಸುಲಿಯಲು ಕೂರಿಸತಕ್ಕದ್ದು. ಸಹಿಸಲಾಗದಷ್ಟು ಪ್ರಶ್ನೆ ಒತ್ತರಿಸಿ ಬಂದಲ್ಲಿ ಅವರು ಬಾವಿಯ ಹತ್ತಿರ ಹೋಗಿ ಒಳಗೆ ಕೇಳಿ ಬರಬಹುದು. “ನನಗ ಇಷ್ಟು ನಂಬಿಕಿ ಇಲ್ಲೇನು?” ಎಂದು ಅವರು ಈಗಾಗಲೇ ವಿಚಾರಿಸಿದ್ದು, ಅದು ಸಹ ಪ್ರಶ್ನೆಯೇ ಎಂದು ಅವರ ಗಮನಕ್ಕೆ ತರಲಾಗಿದೆ.

ಕಲಂ ೬. ಅಜ್ಜಿ ಬಾಳಮ್ಮನವರ ಆಕ್ಷೇಪಣೆಯ ಮೇರೆಗೆ ಕೈಬಿಡಲಾಗಿದೆ.

ಕಲಂ ೭. ವಿರಾಮ. ವಿದ್ಯಾರ್ಥಿನಿಯು ಕೊಂಪೆಯ ನೆರಳಲ್ಲಿ ಮಲಗುವುದು, ಬದುವಿನ ಮೇಲೆ ಕುಳಿತು ಹಸಿ ಕಡಲೆ ತಿನ್ನುವುದು, ಮೊಬೈಲ್ ನೋಡಿ ಒಬ್ಬಳೇ ನಗುವುದು, ಸುಮ್ಮನೆ ಇರುವುದು ಇವೆಲ್ಲ ವಿರಾಮವೆಂದು ಪರಿಗಣಿಸಲ್ಪಟ್ಟಿವೆ. ಸುಮ್ಮನೆ ಇರುವವರನ್ನು ಕಂಡಾಗ ಕೈಗೆ ಒಂದು ಕೆಲಸ ಕೊಡಬೇಕೆಂಬ ತುರಿಕೆ ಈ ಮನೆಯಲ್ಲಿ ಸರ್ವರಿಗೂ ಇದ್ದು, ಅಂದು ಎಲ್ಲರೂ ತಮ್ಮ ಕೈಯನ್ನು ತಾವೇ ಹಿಡಿದುಕೊಳ್ಳತಕ್ಕದ್ದು. ಮಲಗಿದ ವಿದ್ಯಾರ್ಥಿನಿಗೆ ಉಸಿರು ಆಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುವ ಅಧಿಕಾರ ಬಾಳಮ್ಮನವರಿಗೆ ಮಾತ್ರ ಇದೆ (ಕೈಬಿಟ್ಟ ಕಲಂ ೬ ಇದೇ ಅಧಿಕಾರವನ್ನು ರದ್ದುಪಡಿಸುವುದಾಗಿತ್ತು).

ಕಲಂ ೮. ಟೆನ್ಷನ್ ಇಳಿಸಲೆಂದು ತಲೆಗೆ ಎಣ್ಣೆ ಹಾಕುವವರು ಮೊದಲು ಬೇರೆಯವರು ಹಾಕಿದ್ದಾರೆಯೇ ಎಂದು ನೋಡಿ ಹಾಕತಕ್ಕದ್ದು. ಕಳೆದ ವರ್ಷ ನಾಲ್ಕು ಕೈಗಳು ಬೇರೆ ಬೇರೆ ಎಣ್ಣೆ ಹಾಕಿದ್ದರಿಂದ ಹುಡುಗಿಗೆ ಉದಗೀರ ಮುಟ್ಟುವವರೆಗೆ ಬಸ್ಸಿನ ಕಿಟಕಿಗೆ ತಲೆ ಆನಿಸಲಾಗಿರಲಿಲ್ಲ. ಉಪ್ಪು-ಮೆಣಸಿನಕಾಯಿ ನಿವಾಳಿಸುವುದನ್ನು ಗಾಳಿಯ ದಿಕ್ಕು ನೋಡಿ ಮಾಡುವುದು. ಇಡೀ ಶಿವಾರ ಕೆಮ್ಮಿದರೆ ಅದನ್ನು ದೃಷ್ಟಿ ಹೋದ ಲಕ್ಷಣವೆಂದು ಒಪ್ಪಲಾಗುವುದಿಲ್ಲ.

ಕಲಂ ೯. ಚರಗ. ಸಂಜೆ ಬುಟ್ಟಿ ಹಿಡಿದು ಹೊಲದ ಸುತ್ತ ಅನ್ನ ಚೆಲ್ಲುತ್ತ ಓಡುವಾಗ ರೇವಣಪ್ಪನವರು ಬೆಳೆಗಾಗಿ ಮಾತ್ರ ಕೂಗತಕ್ಕದ್ದು. “ಜ್ವಾಳ ಬರಲಿ, ಕಡಲಿ ಬರಲಿ, ಸಾರಿಕಾಗ ಡಿಸ್ಟಿಂಕ್ಷನ್ ಬರಲಿ” ಎಂದು ಕಳೆದ ವರ್ಷದಂತೆ ಭೂಮಿತಾಯಿಗೆ ಹೆಚ್ಚುವರಿ ಬೇಡಿಕೆ ಸಲ್ಲಿಸುವಂತಿಲ್ಲ. ಆ ವಿಷಯ ಭೂಮಿತಾಯಿಯ ವ್ಯಾಪ್ತಿಗೆ ಬರುವುದಿಲ್ಲ. ವಿಶ್ವವಿದ್ಯಾಲಯದ ವ್ಯಾಪ್ತಿಗಾದರೂ ಬರುತ್ತದೆಯೇ ಎಂಬುದು ಪರಿಶೀಲನೆಯಲ್ಲಿದೆ.

ಕಲಂ ೧೦. ವಿನಾಯಿತಿ. ಹಾವು ಕಂಡಲ್ಲಿ ಮೌನ ಮುರಿಯಬಹುದು. ಆದರೆ “ಅದು ಹಾವೇನು?” ಎಂಬ ರೂಪದಲ್ಲಲ್ಲ, “ಹಾವು ಅದ” ಎಂಬ ರೂಪದಲ್ಲಿ.

ಕಲಂ ೧೧. ದಂಡ. ಮೊದಲ ಅಪರಾಧಕ್ಕೆ ಒಂದು ಚರಿಗೆ ಅಂಬಲಿ ನಿಂತಲ್ಲೇ ಕುಡಿಯುವುದು. ಎರಡನೆಯದಕ್ಕೆ ಪಾಂಡವರ ಎದುರು ತಮ್ಮ ಹತ್ತನೆಯ ಇಯತ್ತೆಯ ಮಾರ್ಕುಗಳನ್ನು ವಿಷಯವಾರು ಗಟ್ಟಿಯಾಗಿ ಹೇಳುವುದು. ಈ ಕಲಂ ಪ್ರಕಟವಾಗುವ ಮೊದಲೇ ಮೂವರು ಕಾಕಾಗಳು ತಮಗೆ ಕೇಳುವುದು ಏನೂ ಇಲ್ಲವೆಂದು ಲಿಖಿತವಾಗಿ ತಿಳಿಸಿದ್ದಾರೆ.

ಕಲಂ ೧೨. ಗೌಪ್ಯತೆ. ಕೇಳಬೇಡಿರೆಂದು ಹೇಳಿದ್ದರಿಂದಲೇ ಉಲ್ಲೇಖ (೩) ಸಂಭವಿಸಿತು. ಆದುದರಿಂದ ಈ ಸುತ್ತೋಲೆಯನ್ನು ಎಲ್ಲರೂ ಪಾಲಿಸತಕ್ಕದ್ದು, ಯಾರೂ ಅರಿಯತಕ್ಕದ್ದಲ್ಲ. ಇದನ್ನು ಕನ್ನಡದಲ್ಲಿ ಹೊರಡಿಸಲಾಗಿದ್ದು, ಈ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡಿ ಮರಾಠಿ ಶಾಲೆ ಕಲಿತವರಾದ್ದರಿಂದ, ಓದಲು ಬರುವುದು ಬೀದರ ಕಡೆಯಿಂದ ಸೊಸೆಯಾಗಿ ಬಂದ, ವಿದ್ಯಾರ್ಥಿನಿಯ ತಾಯಿಯೂ ಆದ ಪ್ರಭಾರ ಅಧಿಕಾರಿಯವರಿಗೆ ಮಾತ್ರ. ಗೌಪ್ಯತೆಗೆ ಇದಕ್ಕಿಂತ ಮಿಗಿಲಾದ ಭದ್ರತೆ ಇಲ್ಲ. ಓದಿ ಹೇಳಿಸಿಕೊಂಡವರು ಹೇಳಿಸಿಕೊಂಡಿಲ್ಲವೆಂದು ಭಾವಿಸತಕ್ಕದ್ದು.

ಕಲಂ ೧೩. ಪ್ರಭಾರ ಅಧಿಕಾರಿಯವರ ಸ್ವಂತ ಟೆನ್ಷನ್ ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ. ಅವರು ಭಜ್ಜಿಗೆ ಸೊಪ್ಪು ಸೋಸುವುದು, ರೊಟ್ಟಿ ಬಡಿಯುವುದು, ಬುತ್ತಿ ಹೊರುವುದು ಹಾಗೂ ನಗುತ್ತಿರುವುದು ಎಂದಿನಂತೆ ಮುಂದುವರಿಯತಕ್ಕದ್ದು.

ಇದಕ್ಕೆ ಪಾಂಡವರ ಒಪ್ಪಿಗೆ ಇದೆ. ಇಲ್ಲವೆಂದು ಅವರು ಈವರೆಗೆ ಹೇಳಿಲ್ಲ.

ಸಹಿ/-
(ಕಾಂತಾಬಾಯಿ ರೇವಣಪ್ಪ)
ಪ್ರಭಾರ ಅಧಿಕಾರಿ
ಅಡುಗೆ, ಹೊಲ ಹಾಗೂ ಮನಃಶಾಂತಿ ವಿಭಾಗ

ಪ್ರತಿಗಳು:
೧. ಶ್ರೀ ರೇವಣಪ್ಪ, ಮಾತು ಕೊಟ್ಟವರು. ಇನ್ನು ಮುಂದೆ ಮಾತು ಕೊಡುವ ಮುನ್ನ ಅಡುಗೆ ವಿಭಾಗದ ಪೂರ್ವಾನುಮತಿ ಪಡೆಯಲು ಸೂಚಿಸಿ.
೨. ಶ್ರೀ ಧೂಳಪ್ಪ, ಕೊಂಪೆಯ ಹಿಂಬದಿ. ತೊಗರಿಕಾಯಿ ಲಗತ್ತಿಸಿದೆ.
೩. ಶ್ರೀಮತಿ ಬಾಳಮ್ಮ. ಕಿವಿ ಮಂದವಿರುವುದರಿಂದ ಗಟ್ಟಿಯಾಗಿ ಓದಿ ಹೇಳಲಾಗಿದೆ. ಪರಿಣಾಮವಾಗಿ ಓಣಿಯವರಿಗೆ ಪ್ರತ್ಯೇಕ ಪ್ರತಿ ಕಳಿಸುವ ಅಗತ್ಯ ಬಿದ್ದಿಲ್ಲ.
೪. ನಿಲಂಗಾದಿಂದ ಉಮರ್ಗಾಕ್ಕೆ ಬರುವ ಬಸ್ಸಿನ ಕಂಡಕ್ಟರರು. ಹುಡುಗಿ ಎಲ್ಲಿ ಇಳಿಯುತ್ತಾಳೆಂದು ಕೇಳದೆ, ಸಾಧ್ಯವಾದರೆ ಮುಖ ನೋಡಿ ತಿಳಿದುಕೊಳ್ಳಲು ವಿನಂತಿ.
೫. ಎತ್ತುಗಳು, ಮಾಹಿತಿಗಾಗಿ.
೬. ಕು. ಸಾರಿಕಾ. ಪ್ರತಿ ಕಳಿಸಿಲ್ಲ. ಕಳಿಸಿದರೆ ಮುಟ್ಟಿತೇ ಎಂದು ಕೇಳಬೇಕಾಗುತ್ತದೆ.
೭. ಕಚೇರಿ ಕಡತಕ್ಕೆ, ಅಮಾವಾಸ್ಯೆಯ ಮರುದಿನ ಬರೆದ ಕೆಳಗಿನ ಷರಾದೊಂದಿಗೆ:

ಸುತ್ತೋಲೆಯು ಅಕ್ಷರಶಃ ಪಾಲನೆಯಾಯಿತು. ವಿದ್ಯಾರ್ಥಿನಿ ಬಂದಳು. ಕೊಂಪೆಯ ನೆರಳಲ್ಲಿ ಮಲಗಿದವಳು ಮಧ್ಯಾಹ್ನ ದಾಟಿದರೂ ಏಳಲಿಲ್ಲ. ಬಾಳಮ್ಮನವರು ತಮ್ಮ ಅಧಿಕಾರವನ್ನು ಪದೇಪದೇ ಚಲಾಯಿಸಿದರು. ಹಾದಿಯವರು ಬಂದರು, ಉಂಡರು, “ಬಿಸಲ ಅದ” ಎಂದರು, ಹೋದರು. ಧೂಳಪ್ಪನವರು ಎರಡು ಸಲ ಬಾವಿಗೆ ಹೋಗಿ ಬಂದರು.

ಹೊತ್ತು ಇಳಿದಾಗ ವಿದ್ಯಾರ್ಥಿನಿ ಎದ್ದು ಬಂದು ಎಲ್ಲರ ನಡುವೆ ಕುಳಿತಳು. ಯಾರೂ ಏನೂ ಕೇಳಲಿಲ್ಲ. ರೊಟ್ಟಿ ಮುರಿದಳು, ತಿನ್ನಲಿಲ್ಲ. ಯಾರೂ ಏನೂ ಕೇಳಲಿಲ್ಲ. “ಯಾರರೆ ಏನರೆ ಕೇಳ್ರಿ” ಎಂದಳು. ಧೂಳಪ್ಪನವರು ಕಲಂ ೪ರನ್ವಯ, ದನಿ ಇಳಿಸಿ, “ಬಿಸಲ ಅದ” ಎಂದರು. “ಎಲ್ಲಿ ಬಿಸಲ ಕಾಕಾ, ಹೊತ್ತು ಮುಣಗ್ಲತ್ತದ” ಎಂದು ವಿದ್ಯಾರ್ಥಿನಿ ನಗಲು ಹೋದಳು. ನಗು ಅರ್ಧಕ್ಕೆ ಬೇರೆಯೇ ಆಯಿತು. ಪ್ರಭಾರ ಅಧಿಕಾರಿಯವರು ಸುತ್ತೋಲೆ ಹೊರಡಿಸಿದವರಾದ್ದರಿಂದ ಸೆರಗು ಬಾಯಿಗೆ ಹಿಡಿದು ಕುಳಿತಿದ್ದರು.

ಚರಗಕ್ಕೆ ಹೊರಟಿದ್ದ ರೇವಣಪ್ಪನವರು ಬುಟ್ಟಿ ಕೆಳಗಿಟ್ಟರು. ಪಾಂಡವರ ಕಡೆ ಬೆನ್ನು ಮಾಡಿ ಮಗಳ ಎದುರು ಕುಳಿತರು. “ಏನಾಗ್ಯಾದ ನನ್ನವ್ವಾ?” ಎಂದು ಕೇಳಿದರು.

“ಎರಡು ಪೇಪರ್ ಹೋಗ್ಯಾವ ಅಪ್ಪಾ. ರಿಸಲ್ಟ್ ಬಂದು ಭಾಳ ದಿನಾ ಆಯ್ತು” ಎಂದಳು. ನಂತರ ಉಳಿದದ್ದನ್ನೂ ಹೇಳಿದಳು. ರೇವಣಪ್ಪನವರು ಮತ್ತೆ ಮತ್ತೆ ಕೇಳಿದರು, ಆಕೆ ಹೇಳಿದಳು. ಕತ್ತಲಾದ ಮೇಲೆ ಚರಗ ಚೆಲ್ಲಲಾಯಿತು. ಬುಟ್ಟಿಯ ಒಂದು ಕಿವಿಯನ್ನು ವಿದ್ಯಾರ್ಥಿನಿ ಹಿಡಿದಿದ್ದಳು.

ಉಲ್ಲೇಖ (೧)ರ ಮಾತು ಮುರಿಯಲಾಗಿದೆ.